ನನ್ನ ಎಂ.ಎ. ಮತ್ತು ಅತ್ತೆಯ ಅರಳುಮರಳು

ಈ ಸಲ ಚಳಿ ಬೇಗ ಬಂದಿದೆ. ಇವತ್ತು ಬೆಳಿಗ್ಗೆ ಹಿತ್ತಲ ಬಿಸಿಲಿಗೆ ಕಾಲು ಚಾಚಿ ಕೂತು, ಒಡೆದ ಹಿಮ್ಮಡಿಗೆ ವ್ಯಾಸಲೀನ್ ಸವರಿಕೊಳ್ಳುತ್ತಿದ್ದೆ. ಅದರ ವಾಸನೆಗೆ ನಿಮಗೆ ಚಳಿಗಾಲವೋ, ಕೂಸಿನ ಕೆನ್ನೆಯೋ ನೆನಪಾಗಬಹುದು. ನನಗೆ ವಿಶ್ವವಿದ್ಯಾಲಯ ನೆನಪಾಗುತ್ತದೆ. ವ್ಯಾಸಲೀನಿಗೆ ವಾಸನೆಯೇ ಇಲ್ಲ ಎನ್ನುವವರೂ ಇದ್ದಾರೆ. ಅವರು ಅದನ್ನು ಕನ್ನಡಕದ ಗಾಜಿಗೆ ಬಳಿದು ಮೂಗಿನ ಮೇಲೆ ಏರಿಸಿಕೊಂಡವರಲ್ಲ, ಬಿಡಿ.

ನಾನು ಏರಿಸಿಕೊಂಡಿದ್ದೇನೆ. ಅದಕ್ಕಾಗಿ ನನಗೆ ಸ್ನಾತಕೋತ್ತರ ಪದವಿಯನ್ನೂ ಕೊಟ್ಟಿದ್ದಾರೆ.

ನಮ್ಮ ಮನೆ ಬಂಗಾರಪೇಟೆಯಲ್ಲಿ. ಕೆಲಸ ಕೆಜಿಎಫ್‌ನ ಕೋರಮಂಡಲ್‌ನಲ್ಲಿ. ಅಲ್ಲೊಂದು ಟ್ರಸ್ಟಿನವರು ವಯಸ್ಸಾದವರಿಗಾಗಿ ಹಗಲು ಆರೈಕೆ ಕೇಂದ್ರ ನಡೆಸುತ್ತಾರೆ. ಬೆಳಿಗ್ಗೆ ಮುದುಕರು ಬರುತ್ತಾರೆ, ಬಿ.ಪಿ. ನೋಡಿಸಿಕೊಳ್ಳುತ್ತಾರೆ, ಊಟ ಮಾಡುತ್ತಾರೆ, ಯಾವ ಗಣಿಯ ಬಾವಿ ಹೆಚ್ಚು ಆಳ ಎಂದು ಜಗಳವಾಡುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಆ ಜಗಳ ಮುಚ್ಚಿಲ್ಲ. ನಾನು ಅವರ ಮಧ್ಯೆ ಮಾತ್ರೆ, ತಟ್ಟೆ, ಸಮಾಧಾನ ಹಂಚುತ್ತ ಬಹಳ ಕಾಲ ನೆಮ್ಮದಿಯಾಗಿದ್ದೆ. ಒಂದು ದಿನ ಟ್ರಸ್ಟಿನ ಅಧ್ಯಕ್ಷರು ಬೆಂಗಳೂರಿನಿಂದ ಬಂದು, ಮುದುಕರನ್ನು ನೋಡಿಕೊಳ್ಳುವುದು ಇನ್ನು ಮುಂದೆ ಶಾಸ್ತ್ರೀಯವಾಗಿ ನಡೆಯಬೇಕು ಎಂದರು. ಸಂಯೋಜಕಿಯ ಹುದ್ದೆ ಬೇಕಿದ್ದರೆ ಜೆರಂಟಾಲಜಿಯಲ್ಲಿ ಎಂ.ಎ. ಆಗಬೇಕಂತೆ. ಶನಿವಾರ, ಭಾನುವಾರ ಮಾತ್ರ ತರಗತಿ. ಹೀಗೆ, ನನ್ನ ಓರಗೆಯವರು ಮೊಮ್ಮಕ್ಕಳನ್ನು ಶಾಲೆಗೆ ಸೇರಿಸುವ ವಯಸ್ಸಿನಲ್ಲಿ ನಾನೇ ಚೀಲ ಹೆಗಲಿಗೇರಿಸಿ ಬೆಂಗಳೂರಿನ ರೈಲು ಹತ್ತಿದೆ.

"ಜನರೇಟರ್ ಕೋರ್ಸಾ?" ಎಂದು ಕೇಳಿದರು ನಮ್ಮವರು. ಅವರು ಮುನಿರಾಜು, ಪ್ರೌಢಶಾಲೆಯೊಂದರಲ್ಲಿ ಗುಮಾಸ್ತರು. ಗುಮಾಸ್ತರಿಗೆ ಸಹಜವಾಗಿ ಎಲ್ಲ ಕೋರ್ಸಿನ ಹೆಸರೂ ಗೊತ್ತಿರುತ್ತದೆ ಎಂಬ ನಂಬಿಕೆ. ಮುಪ್ಪಿನ ಬಗ್ಗೆ ಓದುವುದು ಎಂದು ಬಿಡಿಸಿ ಹೇಳಿದೆ. ಒಳಗಿನಿಂದ ಅತ್ತೆಯ ದನಿ ಬಂತು: "ಅದುಕ್ಕೆ ಬೆಂಗ್ಳೂರ್‌ಗೆ ಯಾಕಮ್ಮೀ ಓಗ್ಬೇಕು? ಮನೇಲೇ ಕುಂತ್ಕೊ, ತಾನಾಗೇ ಬತ್ತದೆ."

ಅತ್ತೆಯ ಹೆಸರು ಚೌಡಮ್ಮ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪ್ರೊಫೆಸರನ್ನು ಮುಗಿಸಿಬಿಡುತ್ತೇನೆ.

ನಮ್ಮ ಪ್ರೊಫೆಸರು ಮೊದಲು ವೈದ್ಯರಾಗಿದ್ದು ಆಮೇಲೆ ಪಾಠಕ್ಕೆ ಬಂದವರು. ನಿವೃತ್ತಿಯ ಹೊಸಿಲಲ್ಲಿದ್ದರು. ಆದರೆ ಮೀಸೆಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ, ಕಾಡಿಗೆಯಷ್ಟು ಕಪ್ಪಗಿತ್ತು. "ಮುಪ್ಪನ್ನು ಮುಕ್ತವಾಗಿ ಒಪ್ಪಿಕೊಳ್ಳಬೇಕು" ಎಂದು ಅವರು ಮೇಜು ಗುದ್ದಿ ಹೇಳುವಾಗ ನಾವೆಲ್ಲ ಆ ಮೀಸೆಯನ್ನೇ ನೋಡುತ್ತಿದ್ದೆವು. ಒಮ್ಮೆ ಕೇರಳದ ನರ್ಸೊಬ್ಬಳು ಮರೆತು "ನಿಮ್ಮಂಥ ಹಿರಿಯರು" ಎಂದುಬಿಟ್ಟಳು. ಆ ದಿನವಿಡೀ ಅವರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು.

ತರಗತಿಯಲ್ಲಿ ಇನ್ನೂ ಯಾರ್ಯಾರೋ ಇದ್ದರು. ಯೋಗ ಹೇಳಿಕೊಡುವಾಕೆ ಒಬ್ಬಳು, ಪಾದ್ರಿಯೊಬ್ಬರು, ಮತ್ತೆ ಶ್ರೀಮಂತ ಮುದುಕರಿಗಾಗಿ ಈಜುಕೊಳವಿರುವ ಅಪಾರ್ಟ್‌ಮೆಂಟು ಕಟ್ಟಿಸುವ ಯೋಜನೆಯ ಒಬ್ಬ ಯುವಕ. ಅವನು ಮುದುಕರನ್ನು ಮುದುಕರು ಎನ್ನುತ್ತಿರಲಿಲ್ಲ, ಮಾರುಕಟ್ಟೆ ಎನ್ನುತ್ತಿದ್ದ.

ವ್ಯಾಸಲೀನ್ ಬಂದದ್ದು ಪ್ರಾಯೋಗಿಕ ತರಗತಿಯಲ್ಲಿ. ವಯಸ್ಸಾದವರ ಕಷ್ಟ ನಮ್ಮ ಮೈಗೇ ತಿಳಿಯಬೇಕೆಂದು ಒಂದು ಏರ್ಪಾಡು ಮಾಡಿದ್ದರು. ಕಣ್ಣಿನ ಪೊರೆಯ ಬದಲಿಗೆ ವ್ಯಾಸಲೀನ್ ಬಳಿದ ಕನ್ನಡಕ, ಕಿವಿಗೆ ಹತ್ತಿ, ಕಾಲಿಗೆ ಮರಳಿನ ಚೀಲ, ಚಪ್ಪಲಿಯೊಳಗೆ ಕಡಲೆಕಾಳು. ಹೀಗೆ ಸಿಂಗಾರವಾಗಿ ಮೂರನೆಯ ಮಹಡಿಗೆ ಹತ್ತಬೇಕು. ಯೋಗದಾಕೆ ಅರ್ಧದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು, ಊರಿನಲ್ಲಿರುವ ಅಜ್ಜಿಗೆ ಅಲ್ಲಿಂದಲೇ ಫೋನು ಮಾಡಿದಳು. ನಾನು ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಪ್ರೊಫೆಸರು, "ಏನನ್ನಿಸಿತು? ಹೇಳಿ, ಏನನ್ನಿಸಿತು?" ಎಂದರು.

"ಮಂಡಿ ನೋಯುತ್ತೆ ಸಾರ್."

"ಅದ್ಭುತ! ಇದೇ ಸಹಾನುಭೂತಿ!"

"ಇಲ್ಲ ಸಾರ್, ನನ್ನ ಮಂಡಿ ಮಾಮೂಲಾಗೇ ನೋಯುತ್ತೆ."

ಅದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಹತ್ತಿ ಇದ್ದದ್ದು ನನ್ನ ಕಿವಿಯಲ್ಲಿ.

ಎರಡನೆಯ ವರ್ಷ ಎಲ್ಲರೂ ಒಬ್ಬ ಹಿರಿಯರ ಜೀವನಕಥೆ ಕೇಳಿ ಬರೆದುಕೊಂಡು ಬರಬೇಕಿತ್ತು. ಹಳೆಯದನ್ನು ನೆನೆದು ಹೇಳಿಕೊಂಡರೆ ಹಿರಿಯರ ಮನಸ್ಸು ಹಗುರಾಗುತ್ತದೆ ಎಂಬುದು ಸಿದ್ಧಾಂತ. ನನಗೆ ಮನೆಯಲ್ಲೇ ಹಿರಿಯರಿದ್ದರು, ಬೇರೆ ಹುಡುಕುವುದೇಕೆ?

ಚೌಡಮ್ಮನವರು ಗಣಿ ನಡೆಯುತ್ತಿದ್ದ ಕಾಲದಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೋಗಿ, ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಸಾಲುಮನೆಗಳಲ್ಲಿ ಮಾರುತ್ತಿದ್ದವರು. ಅಲ್ಲಿನ ಸೆಲ್ವಿ ಎಂಬಾಕೆಯ ಬಾಗಿಲಲ್ಲಿ ಬುಟ್ಟಿ ಇಳಿಸಿ ನೀರು ಕುಡಿಯುವುದು ರೂಢಿ. ನೀರಿನಿಂದ ಮಜ್ಜಿಗೆಗೆ, ಮಜ್ಜಿಗೆಯಿಂದ ಊಟಕ್ಕೆ ಬೆಳೆದ ಗೆಳೆತನ. ಸೆಲ್ವಿಯ ಗಂಡ ಗಣಿಯ ಧೂಳು ಕುಡಿದ ಎದೆಯಿಂದಲೇ ಹೋದರು. ನಮ್ಮ ಮಾವ ಹೋದದ್ದೂ ಸುಮಾರು ಅದೇ ಕಾಲಕ್ಕೆ. ಗಣಿ ಮುಚ್ಚಿ, ಸೊಪ್ಪಿನ ವ್ಯಾಪಾರ ನಿಂತ ಮೇಲೂ ಅತ್ತೆ ತಿಂಗಳಿಗೊಮ್ಮೆ ಸೆಲ್ವಿಯನ್ನು ನೋಡಲು ರೈಲು ಹತ್ತುತ್ತಿದ್ದರು.

ಇದಿಷ್ಟು ನನಗೆ ಗೊತ್ತಿದ್ದ ಕಥೆ. ಅವರು ನನ್ನ ಮುಂದೆ ಬಿಚ್ಚಿದ ಕಥೆಯೇ ಬೇರೆ. ಗಂಡಸಿನ ಅಂಗಿ ಹಾಕಿಕೊಂಡು, ತಲೆಗೆ ಟೋಪಿ ಇಟ್ಟು ಗಣಿಯೊಳಗೆ ಇಳಿದಿದ್ದರಂತೆ. ಹಲಸಿನ ಹಣ್ಣಿನಷ್ಟು ದಪ್ಪದ ಚಿನ್ನದ ಗಟ್ಟಿಯನ್ನು ಕೈಯಾರೆ ಮುಟ್ಟಿದ್ದರಂತೆ. ದೊರೆಸಾನಿಯೊಬ್ಬಳು ಅವರ ದಂಟಿನ ಸೊಪ್ಪಿಗೆ ಮನಸೋತು ಇಂಗ್ಲೆಂಡಿಗೆ ಕರೆದಳಂತೆ. ಮಾರನೆಯ ದಿನ ಹೇಳುವಾಗ ಅದೇ ದೊರೆಸಾನಿ ದೊರೆಯಾಗಿದ್ದ, ಕರೆದದ್ದು ಮದುವೆಗೆ.

ಪ್ರೊಫೆಸರು ನಾನು ಬರೆದುಕೊಂಡು ಹೋದದ್ದನ್ನು ತರಗತಿಗೆ ಓದಿ ಹೇಳಿ ಕಣ್ಣೊರೆಸಿಕೊಂಡರು. "ಸಾರ್, ಅರ್ಧಕ್ಕರ್ಧ ಸುಳ್ಳು" ಎಂದೆ. "ಜೀವನಕಥೆಯಲ್ಲಿ ಸುಳ್ಳು ಎಂಬುದಿಲ್ಲ. ಅದು ಅರ್ಥದ ಮರುನಿರ್ಮಾಣ" ಎಂದರು. ಮನೆಗೆ ಬಂದು ಅತ್ತೆಗೆ, ನಿಮ್ಮ ಕಥೆಗೆ ತುಂಬ ಒಳ್ಳೆಯ ಅಂಕ ಬಂದಿದೆ, ಆದರೆ ಅಷ್ಟು ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ, "ನಿಜ ಯೇಳಿದ್ರೆ ಕೊಡ್ತಿದ್ರೇನೆ? ಸೊಪ್ಪು ಮಾರ್ದೆ, ಬಿಸ್ಲಾಗೆ ನಡುದೆ, ಮಕ್ಳೆತ್ತೆ. ಅದುಕ್ಕೆ ಯಾವ ಮೇಷ್ಟ್ರು ಮಾರ್ಕ್ಸು ಕೊಡ್ತಾನೆ?" ಎಂದರು.

ಎಲೆ ಮಡಿಸಿ ದವಡೆಗೆ ಇಟ್ಟುಕೊಂಡರು.

ಆ ಯುಗಾದಿಯ ನಂತರ ಅತ್ತೆ ಒಂದು ಹೊಸ ಮಾತು ತೆಗೆದರು. ಸೆಲ್ವಿಯ ಮಗಳು ಮದುವೆಯಾಗಿ ಹೊಸೂರಿಗೆ ಹೋಗಿದ್ದಾಳೆ, ಸೆಲ್ವಿ ಒಬ್ಬಳೇ ಇದ್ದಾಳೆ, ನಾನು ಅವಳ ಜೊತೆ ಹೋಗಿ ಇರುತ್ತೇನೆ ಎಂದು. ಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಟ್ರಂಕು ಒರೆಸಿಟ್ಟಾಗ ಮನೆಯಲ್ಲಿ ಸಭೆ ಸೇರಿತು. ಸಭೆ ಎಂದರೆ ನಮ್ಮವರು ಮತ್ತು ಅವರ ಅಕ್ಕ ನಾರಾಯಣಮ್ಮ. ನಾರಾಯಣಮ್ಮನವರ ಮನೆ ನಮ್ಮ ಹಿಂದಿನ ಬೀದಿಯಲ್ಲೇ. ತಾಯಿಗೆ ಒಂದು ಹೊತ್ತು ಮುದ್ದೆ ಮಾಡಿ ಹಾಕಿದ್ದನ್ನು ನಾನು ಕಂಡಿಲ್ಲ, ಆದರೆ ತಾಯಿಯ ಮರ್ಯಾದೆಯನ್ನು ಅವರಷ್ಟು ಕಾಯ್ದವರನ್ನೂ ಕಂಡಿಲ್ಲ.

"ಮಗ, ಸೊಸೆ, ಮಗಳು ಎಲ್ಲಾ ಇದ್ದು, ಯಾರ್ದೋ ಮನೇಗೆ ಓಗ್ತೀನಿ ಅಂತಾಳಲ್ಲ, ಜನ ಏನಂತಾರೆ? ಇವ್ಳಿಗೆ ತಲೆ ಕೆಟ್ಟೈತೆ ಕಣ್ಲಾ ಮುನಿ."

"ತಲೆ ನೆಟ್ಟಗಿರೋದುಕ್ಕೇ ಓಗ್ತಿರೋದು" ಎಂದರು ಅತ್ತೆ.

ನಮ್ಮವರು ಟ್ರಂಕನ್ನು ಅಟ್ಟದ ಮೇಲೆ ಇಟ್ಟುಬಿಟ್ಟರು. ನಾನು ಅದೇ ವಾರ ಹಿರಿಯರ ಸ್ವಾತಂತ್ರ್ಯದ ಬಗ್ಗೆ ಪ್ರಬಂಧ ಬರೆಯುತ್ತಿದ್ದೆ. ಆ ಪುಟಗಳಿಂದ ಒಂದೆರಡು ಒಳ್ಳೆಯ ವಾಕ್ಯ ಆರಿಸಿ ಗಂಡನಿಗೆ ಹೇಳಿದೆ. ಅವರು ಗೌರವದಿಂದ ಕೇಳಿ, "ಪರೀಕ್ಷೆಗೆ ಬರುತ್ತಾ?" ಎಂದರು.

ಬೇಸಿಗೆ ಏರಿತು. ಒಂದು ಬೆಳಿಗ್ಗೆ ನಾನು ಕಾಫಿ ಕೊಡಲು ಹೋದರೆ ಅತ್ತೆ ನನ್ನನ್ನು ನೋಡಿ, "ಯಾರಮ್ಮಾ ನೀನು? ಗಂಗಿ ಎಲ್ಲಿ?" ಎಂದರು. ಗಂಗಿ ಅವರ ತಂಗಿ, ನಾನು ಮದುವೆಯಾಗಿ ಬರುವ ಮೊದಲೇ ಸತ್ತವಳು. ತಮಾಷೆಯಿರಬೇಕು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಹರಿದಾಡುವ ಏನನ್ನೋ ಓಡಿಸುತ್ತಿದ್ದರು. ಹೊದಿಕೆಯ ನೂಲನ್ನು ಒಂದೊಂದಾಗಿ ಕೀಳುತ್ತಿದ್ದರು. "ರೈಲು ಬಂತು, ಬುಟ್ಟಿ ಎತ್ತು" ಎಂದು ಎದ್ದು ನಿಂತು ಬೀಳುವಂತಾದರು. ನಡುವೆ ತೂಕಡಿಕೆ. ಎದ್ದರೆ ಮತ್ತೆ ಅದೇ.

ನಾರಾಯಣಮ್ಮ ಬಂದರು, ಒಂದು ಸಲ ನೋಡಿದರು, ತೀರ್ಪು ಕೊಟ್ಟರು. "ನಾನ್ ಆವತ್ತೇ ಯೇಳ್ಳಿಲ್ವಾ? ಅರಳುಮರಳು. ಮನೆ ಬುಟ್ಟು ಓಗ್ತೀನಿ ಅಂದಾಗ್ಲೇ ಸುರುವಾಗಿತ್ತು." ಅವರ ದನಿಯಲ್ಲಿ ದುಃಖವಿತ್ತು, ನಿಜ. ಅದರ ಅಡಿಯಲ್ಲಿ ಗೆದ್ದ ಸಂತೋಷವೂ ಇತ್ತು. ಬೀದಿಯ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಮುಖ ಎತ್ತದೆಯೇ, "ವಯಸ್ಸಾಯ್ತಲ್ಲ, ಇನ್ನು ಹೀಗೇ" ಎಂದು ನಿದ್ದೆಯ ಮಾತ್ರೆ ಕೊಟ್ಟರು. ಎಷ್ಟು ಅನುಕೂಲದ ಕಾಯಿಲೆ ನೋಡಿ ಈ ವಯಸ್ಸು ಎಂಬುದು! ಪರೀಕ್ಷೆ ಬೇಡ, ಮದ್ದು ಬೇಡ, ಹೆಸರಿಟ್ಟರೆ ಸಾಕು, ಎಲ್ಲರ ಕೆಲಸವೂ ಮುಗಿಯಿತು.

ಮಾತ್ರೆ ನುಂಗಿದ ಅತ್ತೆ ಮರುದಿನ ಕಣ್ಣು ಬಿಡಲೇ ಒದ್ದಾಡಿದರು. ಬಿಟ್ಟಾಗ ಆಡಿದ ಮಾತಿಗೆ ತಲೆಬುಡವಿರಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ. ಚೌಡಮ್ಮನವರ ಸುಳ್ಳನ್ನು ಅಷ್ಟು ವರ್ಷ ಕೇಳಿದವಳು ನಾನು. ಆ ಸುಳ್ಳಿಗೆ ತಲೆಯಿತ್ತು, ಬುಡವಿತ್ತು, ಕೇಳುವವರ ಮುಖ ನೋಡಿಕೊಂಡು ತಿರುಗುವ ಜಾಣ ಬಾಲವಿತ್ತು. ಈಗ ಅವರ ಮಾತು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆಗ ನೆನಪಾಯಿತು, ಕಪ್ಪು ಮೀಸೆಯ ಪ್ರೊಫೆಸರು ಒಮ್ಮೆ ಹೇಳಿದ್ದು. ಊಟದ ನಂತರದ ತರಗತಿ, ಅರ್ಧ ಜನ ತೂಕಡಿಸುತ್ತಿದ್ದರು, ನಾನೂ ಆ ಅರ್ಧದಲ್ಲಿದ್ದೆ. ಆದರೂ ಇಷ್ಟು ಕಿವಿಗೆ ಬಿದ್ದಿತ್ತು: "ಮರೆವಿನ ಕಾಯಿಲೆ ಬಾಡಿಗೆದಾರನ ಹಾಗೆ, ವರ್ಷಗಟ್ಟಲೆ ಇದ್ದು ಮೆಲ್ಲಗೆ ಮನೆ ಹಿಡಿಯುತ್ತೆ. ಒಂದೇ ದಿನದಲ್ಲಿ ಬಾಗಿಲು ಒಡೆದು ನುಗ್ಗಿದರೆ ಅದು ಬಾಡಿಗೆದಾರ ಅಲ್ಲ, ಕಳ್ಳ. ಕಳ್ಳನನ್ನು ಹುಡುಕಿ."

ಭಾನುವಾರ. ತರಗತಿಗೆ ಹೋಗದೆ ಮನೆಯಲ್ಲೇ ಇದ್ದವಳು ಪ್ರೊಫೆಸರಿಗೆ ಫೋನು ಮಾಡಿದೆ. ಉಪನ್ಯಾಸ ಶುರುವಾದರೆ ಹೇಗೆ ತಡೆಯುವುದು ಎಂದು ಯೋಚಿಸಿಕೊಂಡೇ ಮಾಡಿದ್ದು. ಉಪನ್ಯಾಸ ಬರಲಿಲ್ಲ. ಯಾವತ್ತಿನಿಂದ? ಅದರ ಹಿಂದಿನ ದಿನ ಸರಿಯಿದ್ದರಾ? ನೀರು ಕುಡಿಯುತ್ತಾರಾ? ಮೂತ್ರಕ್ಕೆ ಹೋಗುವಾಗ ಉರಿಯಿತ್ತಾ? ಹೊಸ ಮಾತ್ರೆ ಏನಾದರೂ? ನಿದ್ದೆಯ ಮಾತ್ರೆ ಎಂದೊಡನೆ ಅವರ ಬಾಯಿಂದ ಪಠ್ಯಪುಸ್ತಕದಲ್ಲಿಲ್ಲದ ಒಂದು ಪದ ಹೊರಬಿತ್ತು. "ಈಗಲೇ ದೊಡ್ಡ ಆಸ್ಪತ್ರೆಗೆ ಸೇರಿಸಿ. ಮೂತ್ರ, ರಕ್ತದ ಉಪ್ಪಿನಂಶ ಎರಡನ್ನೂ ನೋಡಿ ಅನ್ನಿ. ಮನೆಯಲ್ಲಿ ಯಾರ ಜೊತೆಯೂ ವಾದ ಮಾಡಬೇಡಿ, ಎತ್ತಿಕೊಂಡು ಹೋಗಿ."

ವಾದ ಮಾಡದೆ ಹೋಗಲಾಗುವ ಮನೆ ಯಾವುದಿದೆ? ನಾರಾಯಣಮ್ಮ ಬಾಗಿಲಿಗೆ ಅಡ್ಡ ಕೂತಿದ್ದರು. "ಇರೋಷ್ಟು ದಿನ ನೆಮ್ಮದಿಯಾಗಿ ಬಿದ್ದಿರ್ಲಿ. ಸೂಜಿ ಚುಚ್ಚಿಸ್ಕೊಂಡು ಯಾಕೆ ಸಾಯ್ಬೇಕು?"

"ಅಕ್ಕ, ಇದು ಅರಳುಮರಳಲ್ಲ. ವಾಸಿಯಾಗುವಂಥದ್ದು. ನಾನು ಇದರಲ್ಲೇ ಎಂ.ಎ. ಓದ್ತಿದ್ದೀನಿ."

ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ನನ್ನ ಕಿವಿಗೇ ನಾಟಕದ ಹಾಗೆ ಕೇಳಿಸಿತು.

"ಯಾವ್ದ್ರಾಗೆ? ಮುದುಕ್ರಾಗಾ?" ಎಂದು ನಾರಾಯಣಮ್ಮ ನಕ್ಕರು. "ನಮ್ಮವ್ವನ್ನ ನೋಡ್ಕೊಳೋಕೆ ನಿನ್ ಡಿಗ್ರಿ ಬೇಕಾ?"

ನಾನು ನಮ್ಮವರ ಕಡೆ ನೋಡಿದೆ. ಅವರು ಗೋಡೆಗೊರಗಿ ಕೂತು ತಾಯಿಯ ಕೈಯನ್ನೇ ನೋಡುತ್ತಿದ್ದರು. ಆ ಕೈ ಗಾಳಿಯಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿತ್ತು. "ಏನ್ರೀ, ಹತ್ತು ಜನ ಹತ್ತು ಅಂತಾರೆ. ನಾನು ಹೇಳೋದು ತಪ್ಪಾದರೆ ಎರಡು ಪರೀಕ್ಷೆ ದಂಡ. ಅಕ್ಕ ಹೇಳೋದು ತಪ್ಪಾದರೆ?" ಎಂದೆ. ಅವರು ಎದ್ದು, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೋಗಿ ಆಟೋ ತಂದರು.

ಕೋಲಾರದ ಆಸ್ಪತ್ರೆಯಲ್ಲಿದ್ದ ಎಳೆ ವಯಸ್ಸಿನ ಡಾಕ್ಟರಮ್ಮ ನನ್ನ ಮಾತನ್ನು ಪೂರ್ತಿ ಕೇಳಿದಳು. ಅದೇ ನನಗೆ ಅರ್ಧ ಆಶ್ಚರ್ಯ. ಸಂಜೆಯ ಹೊತ್ತಿಗೆ ಕಳ್ಳ ಸಿಕ್ಕಿದ. ಮೂತ್ರದಲ್ಲಿ ಸೋಂಕು, ಮೈಯಲ್ಲಿ ನೀರಿಲ್ಲ, ಉಪ್ಪಿನಂಶ ಕೆಳಗಿಳಿದಿದೆ. ನೀರು ಯಾಕಿಲ್ಲ ಎಂದರೆ, ಮಂಡಿ ನೋವಿನ ಅತ್ತೆಗೆ ಬಚ್ಚಲಲ್ಲಿ ಕೂತು ಏಳುವುದೇ ಯಮಯಾತನೆ. ಯಾರನ್ನೂ ಕೂಗಬಾರದೆಂದು ನೀರು ಕುಡಿಯುವುದನ್ನೇ ನಿಲ್ಲಿಸಿದ್ದರು. ನಮ್ಮ ಕೇಂದ್ರದಲ್ಲಿ ಗೋಡೆ ಗೋಡೆಗೂ ಹಿಡಿಕೆ ಹಾಕಿಸಿದವಳು ನಾನು. ಮನೆಯಲ್ಲೂ ಹಾಕಿಸಿ ಎಂದು ಕೇಳಿದಾಗ ಹೊಸ ಟೈಲ್ಸಿಗೆ ತೂತು ಬೀಳುತ್ತದೆ ಎಂದವರು ನಮ್ಮವರು. ಡಾಕ್ಟರಮ್ಮ ಕಾರಣ ಹೇಳುವಾಗ ಅವರು ಆಸ್ಪತ್ರೆಯ ನೆಲದ ಟೈಲ್ಸನ್ನೇ ನೋಡುತ್ತಿದ್ದರು.

ಸಲೈನು, ಮದ್ದು, ಕಾಯುವುದು. ಎರಡು ಮೂರು ದಿನ ಏನೂ ಬದಲಾಗಲಿಲ್ಲ. ನಾರಾಯಣಮ್ಮ ಬಂದು ನಿಂತು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ನನ್ನ ಓದಿನ ಬಗ್ಗೆ ನನಗೇ ಅನುಮಾನ ಬಂತು. ಸೆಲ್ವಿಗೆ ಸುದ್ದಿ ಮುಟ್ಟಿ, ಆಕೆ ಗಂಜಿ ಡಬ್ಬಿ ಹಿಡಿದು ಬಸ್ಸು ಬದಲಾಯಿಸಿ ಬಂದರು. ಸಣ್ಣ ಆಳು, ಹಣೆ ತುಂಬ ವಿಭೂತಿ. ಬಂದವರೇ ಅತ್ತೆಯ ಕೆನ್ನೆ ತಟ್ಟಿ, "ಎನ್ನ ಅಕ್ಕಾ ಇದು, ನಂಗೆ ಹೇಳ್ದೆ ಎಲ್ಲಿ ಓಗ್ತಾ ಇದ್ದೆ?" ಎಂದು ತಮಿಳು ಬೆರೆಸಿ ಬೈದು, ಚಮಚದಲ್ಲಿ ಗಂಜಿ ಕುಡಿಸುತ್ತ ಕೂತರು.

ಒಂದು ಬೆಳಿಗ್ಗೆ ನಾನು ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ವಾರ್ಡಿಗೆ ಬರುತ್ತಿದ್ದೆ. ಬಾಗಿಲಲ್ಲೇ ಅತ್ತೆಯ ದನಿ ಕೇಳಿಸಿತು. ಪಕ್ಕದ ಮಂಚದ ಹೆಂಗಸಿಗೆ ಹೇಳುತ್ತಿದ್ದರು: "ನಮ್ ಸೊಸೆ ದೊಡ್ ಡಾಕ್ಟ್ರು ಕಣಮ್ಮಾ. ಲಂಡನ್ನಾಗೆ ಓದವ್ಳೆ. ಇಲ್ಲಿರೋ ಡಾಕ್ಟ್ರುಗೋಳೆಲ್ಲಾ ಅವ್ಳು ಬಂದ್ರೆ ಎದ್ದು ನಿಂತ್ಕೊಂತಾರೆ."

ಎಂಥ ಸುಳ್ಳು! ತಲೆಯಿತ್ತು, ಬುಡವಿತ್ತು, ಬಾಲವಂತೂ ಲಂಡನ್ನಿನವರೆಗೂ ಇತ್ತು. ನಾನು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ಅತ್ತುಬಿಟ್ಟೆ. ಆ ಹೆಂಗಸು ನನ್ನನ್ನು ನೋಡಿ, ಗೌರವದಿಂದ ಸೆರಗು ಸರಿಮಾಡಿಕೊಂಡು ಎದ್ದು ಕೂತಳು.

ಮನೆಗೆ ಕಳಿಸುವ ದಿನ ಅತ್ತೆ ಮಂಚದಿಂದ ಇಳಿಯುತ್ತಲೇ, "ನಾನು ಸೀದಾ ನಂದಿದುರ್ಗಕ್ಕೆ" ಎಂದರು. ನಾರಾಯಣಮ್ಮ ಬಾಯಿ ತೆರೆದರು. ಈ ಸಲ ನಾನು ಪ್ರಬಂಧದ ವಾಕ್ಯ ಹುಡುಕಲಿಲ್ಲ. "ಅಕ್ಕ, ತಲೆ ಸರಿಯಿಲ್ಲದಾಗ ಅವರ ಮಾತನ್ನ ನಾವ್ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ, ಸರಿ. ಈಗ ತಲೆ ಸರಿಯಿದೆ ಅಂತ ಡಾಕ್ಟರೇ ಹೇಳಿದ್ದಾರೆ. ಈಗ ಏನು ನೆಪ ಹೇಳೋಣ?" ಎಂದೆ. ನಮ್ಮವರು ತಾಯಿಯ ಚಪ್ಪಲಿಯನ್ನು ಅವರ ಕಾಲ ಬಳಿ ಸರಿಸಿಟ್ಟರು. "ಅಲ್ಲಿ ಬಚ್ಚಲು ಹೆಂಗೈತಮ್ಮ?" ಎಂದು ಕೇಳಿದರು. ಮುಂದಿನ ಭಾನುವಾರ ಡ್ರಿಲ್ಲಿಂಗ್ ಮಿಷನ್ನು ಬಾಡಿಗೆಗೆ ತಂದು, ಸೆಲ್ವಿಯ ಬಚ್ಚಲಿಗೆ ಹಿಡಿಕೆ ಬಡಿದವರೂ ಅವರೇ. ಗೋಡೆ ಗಣಿ ಕಾಲದ ಗೋಡೆ. ಇವರು ಅದನ್ನು ಕೊರೆಯುವಷ್ಟರಲ್ಲಿ ಚಿನ್ನ ಸಿಕ್ಕರೂ ಸಿಗಬಹುದೆಂದು ಅತ್ತೆ ಹೊರಗೆ ಕೂತು ಹೇಳುತ್ತಿದ್ದರು.

ನನಗೆ ಎಂ.ಎ. ಬಂತು. ಸಂಯೋಜಕಿಯ ಹುದ್ದೆ ಬರಲಿಲ್ಲ. ಅದಕ್ಕೆ ಅಧ್ಯಕ್ಷರ ಸೋದರಳಿಯ ಬಂದಿದ್ದಾನೆ. ಅವನಿಗೆ ಆಡಳಿತ ಗೊತ್ತಂತೆ, ಮುದುಕರ ವಿಷಯವನ್ನು ನನ್ನಿಂದ ಕೇಳಿ ತಿಳಿಯುತ್ತಾನಂತೆ. ನಾರಾಯಣಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಮ್ಮ ಬೀದಿಯಲ್ಲಿ ನನ್ನ ಪದವಿಯ ಬಗ್ಗೆ ಓಡಾಡುವ ಮಾತು ಇಷ್ಟು: "ಮುದುಕ್ರ ಬಗ್ಗೆ ಓದಿ ಬಂದ್ಲು, ಅತ್ತೇನ ಮನೆಯಿಂದ ಆಚೆ ಹಾಕಿದ್ಲು." ಮೊದಲು ಉರಿಯುತ್ತಿತ್ತು. ಈಗ ಸೊಪ್ಪು ಕೊಳ್ಳುವಾಗ ಯಾರಾದರೂ ಕೇಳಿದರೆ, ಹೌದು, ಅದರಲ್ಲೇ ಎಂ.ಎ. ಮಾಡಿದ್ದು ಎನ್ನುತ್ತೇನೆ.

ಇವತ್ತು ಭಾನುವಾರ. ಅಡಿಗೆ ಮುಗಿಸಿ ನಂದಿದುರ್ಗಕ್ಕೆ ಹೋಗಿದ್ದೆ. ಮುದ್ದೆಗೆ ಯಾರು ಎಸರಿಡಬೇಕೆಂದು ಇಬ್ಬರಿಗೂ ಬೆಳಿಗ್ಗೆಯೇ ಜಗಳವಾಗಿ, ಅತ್ತೆ ಸಿಟ್ಟು ಬಂದಾಗಷ್ಟೇ ಆಡುವ ತವರಿನ ತೆಲುಗಿನಲ್ಲೂ ಸೆಲ್ವಿ ತಮಿಳಿನಲ್ಲೂ ಗೊಣಗುತ್ತ, ಒಂದೇ ಮಂಚದ ಎರಡು ತುದಿಯಲ್ಲಿ ಕೂತಿದ್ದರು. ಇಬ್ಬರ ಮಾತ್ರೆ ನೋಡಿದೆ, ಬಿ.ಪಿ. ನೋಡಿದೆ, ನೀರು ಕುಡೀರಿ ಎಂದು ಗದರಿದೆ. ಅತ್ತೆ ತುಂಬ ಸಣ್ಣಗಾಗಿದ್ದಾರೆ. ಕಣ್ಣಿನ ಪೊರೆ ಬಲಿತಿದೆ. ಹೊರಡಲು ಎದ್ದಾಗ ನನ್ನ ಮಂಡಿ ಲಟಕ್ಕೆಂದಿತು. ಅವರು ಅದನ್ನು ಕೇಳಿಸಿಕೊಂಡು, ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು, ಸೆಲ್ವಿಗೆ ಕೇಳಬಾರದೆಂಬಂತೆ ದನಿ ತಗ್ಗಿಸಿದರು.

"ಲೇ ಅಮ್ಮೀ, ನೀನೂ ಮುದುಕಿ ಆದ್ಮೇಲೆ ಅಲ್ಲಿರ್‌ಬೇಡ. ಇಲ್ಗೇ ಬಂದ್ಬುಡು. ನಾನವ್ನಿ, ನೋಡ್ಕೊಂತೀನಿ."

ನಾನು ಮುದುಕಿಯಾಗುವಾಗ ಅವರಿಗೆಷ್ಟು ವಯಸ್ಸೆಂದು ಲೆಕ್ಕ ಹಾಕುವ ಬುದ್ಧಿ ಆ ಕ್ಷಣಕ್ಕೆ ನನಗೆ ಬರಲಿಲ್ಲ. ಅವರು ನನ್ನ ಮುಖ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದರು.

"ಆಯ್ತತ್ತೆ," ಎಂದೆ, "ಬತ್ತೀನಿ."